ಮೂರಿಂಚು ಮರ

ಟಾಯ್ವೊ ತನ್ನ ಬಂದೂಕಿನ ಅಂಗಡಿಯಲ್ಲಿ ಪಾಯಿಂಟ್ ಟೂ ಟೂ ರೈಫಲ್ಲಿನ ಮರದ ಹಿಂತುದಿಯನ್ನು ಏಲಿಯ ಮಡಿಸಿದ ಮೊಣಕೈಯೊಳಗೆ ಒತ್ತಿ ಹಿಡಿದು, "ಈಗ ಬೆರಳು ಚಾಚು ಮರಿ, ಟ್ರಿಗರ್ ಮುಟ್ಟು ನೋಡೋಣ" ಅಂದ. ಒಂಬತ್ತು ವರ್ಷದ ಏಲಿ ನಾಲಿಗೆ ಕಚ್ಚಿಕೊಂಡು ಬೆರಳು ಚಾಚಿದಳು. ಅದು ಮೂರಿಂಚು ಹಿಂದೆಯೇ ನಿಂತಿತು.

"ಊಹೂಂ, ಆಗಲ್ಲ." ನಲವತ್ತು ವರ್ಷಗಳಿಂದ ಊರಿನ ಮಕ್ಕಳಿಗೆಲ್ಲ ಮೊದಲ ಬಂದೂಕನ್ನು ಅಳತೆ ನೋಡಿ ಕೊಡುತ್ತಿದ್ದವನು ಅವನೇ. "ಅದಕ್ಕೇ ಹೇಳಿದ್ದು, ಆ ಚಿಕ್ಕದನ್ನ ತಗೊಳ್ಳಿ ಅಂತ."

"ಅದು ಗುಲಾಬಿ ಬಣ್ಣದ್ದು ತಾತ! ಅದರಲ್ಲಿ ಹೊಡೆದ್ರೆ ಮೊಲ ಗುಂಡು ತಾಗಿ ಸಾಯಲ್ಲ, ನಕ್ಕು ನಕ್ಕು ಸಾಯುತ್ತೆ."

ಟಾಯ್ವೊ ಹೊಟ್ಟೆ ಹಿಡಿದುಕೊಂಡು ನಕ್ಕ. ಏಲಿಯ ಅಪ್ಪ ರೇನೋ ಅವನಿಗಿಂತ ಜೋರಾಗಿ ನಕ್ಕ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಮಾರ್ಟಾ ನಗಲಿಲ್ಲ. ಅವಳ ಕಣ್ಣು ಮಗಳ ತೋಳಿನ ಮೇಲಿತ್ತು. ಬಂದೂಕಿನ ಭಾರವನ್ನು ಟಾಯ್ವೊ ಅರ್ಧ ಹೊತ್ತಿದ್ದರೂ ಆ ತೋಳು ನಡುಗುತ್ತಿತ್ತು. ಮೇಲೆ ಸರಿದ ಅಂಗಿತೋಳಿನ ಅಂಚಿನಲ್ಲಿ ಸೂಜಿ ಚುಚ್ಚಿದ ಜಾಗ ಇನ್ನೂ ನೀಲಿಯಾಗಿತ್ತು.

"ಇದೇ ಇರಲಿ ಬಿಡು," ಅಂದ ರೇನೋ. "ಬೆಳೆಯೋ ಹುಡುಗಿ. ಎರಡು ವರ್ಷ ಗೋಡೆ ಮೇಲಿರುತ್ತೆ. ಆಮೇಲೆ ಜೀವನಪೂರ್ತಿ ಅವಳದೇ."

ಏಲಿಯ ಕಾಯಿಲೆ ವಾಸಿಯಾಯಿತೆಂದೇ ಊರು ನಂಬಿತ್ತು. ಉದುರಿದ ಕೂದಲು ಮತ್ತೆ ಬಂದಿದ್ದನ್ನು ಎಲ್ಲರೂ ನೋಡಿದ್ದರು. ಸೋಮವಾರ ಆಸ್ಪತ್ರೆಯಲ್ಲಿ, ಏಲಿಯನ್ನು ಹೊರಗೆ ಕೂರಿಸಿ, ಡಾಕ್ಟರು ಹೇಳಿದ್ದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹಿಮ ಬೀಳುವವರೆಗೆ ಓಡಾಡಿಕೊಂಡಿರಬಹುದು, ಅಂದಿದ್ದರು. ರೇನೋ ಮುಂದಿನ ಬೇಸಿಗೆಯ ತಪಾಸಣೆಗೆ ದಿನ ಕೇಳಿದ್ದ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡಿದ್ದರು.

ಆ ಕಡೆ ಮಕ್ಕಳಿಗೆ ಏಳೆಂಟು ವರ್ಷಕ್ಕೇ ಬಂದೂಕು ಕೊಡಿಸುತ್ತಾರೆ. ಎರಡು ಶಿಕಾರಿ ಹಂಗಾಮು ಏಲಿ ಕೇಳಿದ್ದಳು. ಎರಡು ಸಲವೂ ಮಾರ್ಟಾ, "ಹತ್ತು ತುಂಬಲಿ, ಆಮೇಲೆ" ಅಂದಿದ್ದಳು. ಬೇರೆ ತಾಯಂದಿರಿಗಿಂತ ತನಗೆ ಎಚ್ಚರ ಹೆಚ್ಚು ಎಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡೂ ಇದ್ದಳು.

"ಕತ್ತರಿಸಿಬಿಡಿ," ಅಂದಳು ಈಗ.

"ಏನನ್ನ?" ಅಂದ ರೇನೋ.

"ಹಿಂದಿನ ಮರಾನ. ಮೂರಿಂಚು. ಶನಿವಾರ ಹಂಗಾಮು ಶುರು. ಅವಳು ಈ ಸಲವೇ ಹೋಗ್ಲಿ."

"ನಿನಗೇನು ತಲೆ ಕೆಟ್ಟಿದೆಯಾ? ಇದು ಆಕ್ರೋಟ್ ಮರ! ಇಂಥದಕ್ಕೆ ಯಾರಾದರೂ ಗರಗಸ ಹಾಕ್ತಾರಾ? ನಾಳೆ ಅವಳು ದೊಡ್ಡವಳಾದಾಗ..."

"ರೇನೋ."

ಅಷ್ಟೇ ಅಂದಳು. ಅವನು ಅವಳನ್ನು ನೋಡಿದ. ಆಮೇಲೆ ಬೆನ್ನು ತಿರುಗಿಸಿ, ಗೋಡೆಗೆ ತೂಗುಹಾಕಿದ್ದ ಮೀನಿನ ಗಾಳಗಳ ಮುಂದೆ ಹೋಗಿ ನಿಂತ. ಒಂದೊಂದನ್ನೇ ಎತ್ತಿ ನೋಡತೊಡಗಿದ, ಅವುಗಳಿಗಾಗಿಯೇ ಬಂದವನಂತೆ.

"ಅಯ್ಯೋ, ಅದಕ್ಯಾಕೆ ಜಗಳ?" ಅಂದ ಟಾಯ್ವೊ. "ಅರ್ಧ ಗಂಟೆ ಕೆಲಸ." ಬಂದೂಕಿನಿಂದ ಮರವನ್ನು ಬಿಚ್ಚಿಕೊಂಡು ಒಳಗೆ ಹೋದ.

ಗರಗಸದ ಸದ್ದು ಶುರುವಾಯಿತು. ಒಂದೊಂದು ಎಳೆತಕ್ಕೂ ರೇನೋನ ಹೆಗಲು ಸಣ್ಣಗೆ ಕುಗ್ಗುತ್ತಿತ್ತು. 'ಈ ಸಲವೇ' ಎಂದು ಮಗಳೆದುರಿಗೇ ಅಂದುಬಿಟ್ಟೆನಲ್ಲ ಎಂದು ಆಗ ಹೊಳೆದು, ಮಾರ್ಟಾ ತಟ್ಟನೆ ಅವಳ ಕಡೆ ತಿರುಗಿದಳು. ಏಲಿ, ಬಾಗಿಲ ಬಳಿ ಹೊಟ್ಟು ತುಂಬಿ ನಿಲ್ಲಿಸಿದ್ದ ಕರಡಿಯ ಬಾಯೊಳಗೆ ಕೈ ಹಾಕಿ ಅದರ ಹಲ್ಲು ಎಣಿಸುತ್ತಿದ್ದಳು. ಏನೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಟಾಯ್ವೊ ಬಂದೂಕನ್ನು ಜೋಡಿಸಿ ತಂದು, ಗುಂಡಿಲ್ಲವೆಂದು ಎರಡು ಸಲ ತೆರೆದು ತೋರಿಸಿ, ಮರಳುಚೀಲದ ಮೇಲೆ ಗೋಡೆಯ ಕಡೆಗೆ ಮುಖಮಾಡಿ ಇಟ್ಟ. ಏಲಿ ಕೆನ್ನೆ ಆನಿಸಿದಳು. ಬೆರಳು ಟ್ರಿಗರ್ ಮೇಲೆ ಸರಿಯಾಗಿ ಕೂತಿತು. ಟಕ್ ಎಂದಿತು.

"ಅಪ್ಪಾ, ಸಿಕ್ತು!"

ರೇನೋ ತಿರುಗದೆಯೇ ತಲೆಯಾಡಿಸಿದ.

ಟಾಯ್ವೊ ಕತ್ತರಿಸಿದ ತುಂಡಿನ ಹೊಟ್ಟನ್ನು ಊದಿ, ಗಲ್ಲಾದ ಹಿಂದಿನ ಪರದೆ ಸರಿಸಿದ. ಅಲ್ಲೊಂದು ಹಲಗೆಯ ಮೇಲೆ ಅಂಥವೇ ಮರದ ತುಂಡುಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದರ ಮೇಲೂ ಹೆಸರು, ಇಸವಿ.

"ಮನೆಗೆ ಕೊಟ್ರೆ ಕಳೆದುಹಾಕ್ತೀರಿ, ಇಲ್ಲ ಒಲೆಗೆ ಹಾಕ್ತೀರಿ. ಅದಕ್ಕೇ ನಾನೇ ಇಟ್ಕೋತೀನಿ. ಬೆಳೆದ ಮೇಲೆ ಬರ್ತಾರೆ, ಸೇರಿಸಿ ಕೊಡ್ತೀನಿ, ಜೋಡಿಸಿದ್ದು ಗೊತ್ತೇ ಆಗಲ್ಲ. ಇಷ್ಟು ವರ್ಷದಲ್ಲಿ ಬರದೇ ಇದ್ದೋರು ಒಬ್ಬರೂ ಇಲ್ಲ." ಪೆನ್ಸಿಲನ್ನು ನಾಲಿಗೆಗೆ ಒತ್ತಿ, ಏಲಿ ನಿಯೆಮಿ ಎಂದು ಬರೆದ. "ಸೇರಿಸೋಕೆ ಬರೋ ಇಸವಿ ಯಾವುದು ಹಾಕ್ಲಿ? ಏನಪ್ಪಾ ರೇನೋ, ಎರಡು ವರ್ಷ ಸಾಕಾ, ಮೂರು ಅನ್ನೋಣವಾ?"

ರೇನೋ ಈ ಕಡೆ ತಿರುಗಿದ. ಕೈಯಲ್ಲಿದ್ದ ಗಾಳವನ್ನು ಬೆರಳುಗಳ ನಡುವೆ ಹೊರಳಿಸತೊಡಗಿದ. ಬದುಕಿಡೀ ಪ್ರತಿಯೊಂದು ಮಾತನ್ನೂ ತೂಗಿ ಆಡಿದ ಮಾರ್ಟಾಗೂ ಒಂದು ಸಂಖ್ಯೆ ಹೇಳಲು ಆಗಲಿಲ್ಲ. ಟಾಯ್ವೊ ಪೆನ್ಸಿಲ್ ಹಿಡಿದು ಇಬ್ಬರ ಮುಖವನ್ನೂ ಸರದಿಯಂತೆ ನೋಡಿದ.

"ಇಸವಿ ಬೇಡ ತಾತ, ಖಾಲಿ ಬಿಡಿ," ಅಂದಳು ಏಲಿ, ಬಂದೂಕಿನಿಂದ ಕೆನ್ನೆ ಎತ್ತದೆ. "ಬೇಕು ಅನ್ನಿಸಿದಾಗ ಅಪ್ಪ ಬಂದು ತಗೊಂಡು ಹೋಗ್ತಾರೆ."