ಖಾಲಿ ತೊಟ್ಟಿಲು

ಮೊನ್ನೆ ಮನೆಗೆ ಕಪಾಟು ಮಾಡಲು ಬಂದವರು ಮರದ ಹೊಟ್ಟಿಗೆ ಅಂಟು ಕಲಸುತ್ತಿದ್ದರು. ಆ ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸುರಪುರದ ನಮ್ಮ ಪಡಸಾಲೆಯಲ್ಲಿದ್ದೆ.

ನನಗಾಗ ಐದು ವರ್ಷ. ಅಪ್ಪ ಬಡಿಗ. ತೊಟ್ಟಿಲೊಂದು ಇನ್ನೇನು ಮುಗಿಯಿತು ಎನ್ನುವಾಗ, ಕೊನೆಯ ಮೊಳೆಗೆ ಅದರ ಅಡಿಹಲಗೆ ಸೀಳಿತು. ಬೇರೆ ಹಲಗೆ ಇರಲಿಲ್ಲ. ತೊಟ್ಟಿಲು ಮಾಡಲು ಹೇಳಿದ್ದವರು ಸಂಜೆಗೇ ಕೂಸಿಗೆ ಹೆಸರಿಡುವವರಿದ್ದರು. ಅಪ್ಪ ಸೀಳಿಗೆ ಹೊಟ್ಟು, ಅಂಟು ಮೆತ್ತಿ, ಉಜ್ಜಿ, ಮೇಲೆ ಬಣ್ಣ ಬಳಿದ. “ಯಾರ ಮುಂದೂ ಅನಬ್ಯಾಡ” ಎಂದ ನನಗೆ.

ಮಧ್ಯಾಹ್ನ ರಂಗಂಪೇಟೆಯಿಂದ ಕೂಸಿನ ಅಜ್ಜಿ ಬಂದಳು. ಅಪ್ಪ ತೊಟ್ಟಿಲನ್ನು ತೊಲೆಗೆ ಕಟ್ಟಿದ್ದ.

“ತೂಗಿ ತೋರಿಸ್ರಿ” ಎಂದವಳೇ ನಾಲಿಗೆ ಕಚ್ಚಿಕೊಂಡಳು. “ಅಯ್ಯ, ಬರೇ ತೊಟ್ಲ ತೂಗಬಾರ್ದು. ನಿಮ್ಮ ಹುಡುಗಿನ್ನ ಕುಂದರಿಸ್ರಿ.”

ಅಪ್ಪ ನನ್ನ ಕಂಕುಳಿಗೆ ಕೈ ಹಾಕಿ ಎತ್ತಿದ. ನನ್ನ ಹಿಮ್ಮಡಿ ತೊಟ್ಟಿಲ ಅಂಚಿಗೆ ತಾಗಿತು. ನಾನು ಅವನ ಮುಖ ನೋಡಿದೆ. ಅವನು ಹಾಗೇ ನಿಂತುಬಿಟ್ಟ. ಮೂಗಿನ ತುದಿಯಿಂದ ಬೆವರಿನ ಹನಿ ಹಲಗೆಯ ಮೇಲೆ ಬಿತ್ತು.

“ಯಾಕ್ರಿ?” ಎಂದಳು ಅಜ್ಜಿ.

ಅಪ್ಪ ನನ್ನನ್ನು ನೆಲಕ್ಕಿಳಿಸಿ, ಉಳಿ ತೆಗೆದುಕೊಂಡು ಮೆತ್ತಿದ್ದನ್ನೆಲ್ಲ ಕೆರೆದ. ಸೀಳು ಬಾಯಿಬಿಟ್ಟಿತು.

“ಇದು ಬ್ಯಾಡ್ರಿ ಯವ್ವಾ. ಇವತ್ತಿಗೆ ನಮ್ಮ ಮನಿ ತೊಟ್ಲ ಒಯ್ರಿ.”

ಅಜ್ಜಿ ಸೀಳಿನುದ್ದಕ್ಕೂ ಬೆರಳಾಡಿಸಿದಳು. ಆಮೇಲೆ ನನ್ನ ತಲೆ ಸವರುತ್ತ, ಅಪ್ಪನನ್ನು ಮೆಲ್ಲಗೆ ಕೇಳಿದಳು:

“ಇಕಿ ಮನ್ಯಾಗ ಇರಲಿಲ್ಲಂದ್ರ?”

ಉಳಿಗೆ ಅಂಟಿದ್ದ ಹೊಟ್ಟು ಪೂರಾ ಹೋದ ಮೇಲೂ ಅಪ್ಪ ಅದನ್ನು ಒರೆಸುತ್ತಲೇ ಇದ್ದ.