ಬಂಡಿಚಕ್ರದಷ್ಟು ಕೋಡುಬಳೆ

ಮೊರದಗಲದ ಚಕ್ಕುಲಿ, ತಲೆದಿಂಬಿನಂಥ ಬೋಂಡ ಮಾಡುವುದನ್ನು ಕಲಿಸುತ್ತಿದ್ದ ಶೇಷಮ್ಮನ ವೆಬ್‌ಸೈಟಿನಲ್ಲಿ ಆ ಸೋಮವಾರ ತಿಂಡಿಯ ಬದಲು ಆಕೆಯ ಸಾವಿನ ಸುದ್ದಿ ಬಂತು. ಓದಿದವರೆಲ್ಲ ಗಂಡ ಆಚಾರ್ಯರಿಗೆ ಬರೆದದ್ದು ಒಂದೇ ಮಾತು: "ನಿಲ್ಲಿಸಬೇಡಿ."

ಹತ್ತನೆಯ ದಿನ ಹೊಳೆದಂಡೆಯಲ್ಲಿ ಪಿಂಡವಿಟ್ಟರು. ಕಾಗೆ ಬಂದು ಕೂತಿತು, ಮುಟ್ಟಲಿಲ್ಲ.

"ಏನೋ ಆಸೆ ಉಳಿದಿದೆ ಆಚಾರ್ರೆ. ನಡೆಸಿಕೊಡ್ತೀನಿ ಅಂತ ಮಾತು ಕೊಡಿ," ಎಂದರು ಪುರೋಹಿತರು.

ಆಚಾರ್ಯರು ಕಾಗೆಯನ್ನು ನೋಡಿ ಹೇಳಿದರು. "ಶೇಷೂ, ನಿನ್ನ ವೆಬ್‌ಸೈಟು ನಾನೇ ನಡೆಸ್ತೀನಿ ಕಣೇ. ಬಂಡಿಚಕ್ರದಷ್ಟು ಕೋಡುಬಳೆ ಮಾಡ್ಬೇಕು ಅಂತಿದ್ಯಲ್ಲ, ಅದನ್ನೂ ನಾನೇ ಕರೀತೀನಿ."

ಕಾಗೆ ಎರಡು ಹೆಜ್ಜೆ ಹಿಂದೆ ಸರಿಯಿತು.

"ಒಂದಲ್ಲ ಕಣೇ, ವಾರಕ್ಕೊಂದು!"

ಕಾಗೆ ಹಾರಿ ಅರಳಿಮರದ ತುದಿ ಸೇರಿತು. ಅವಳಿಗೆ ಸದ್ಗತಿ ಸಿಗದೆ ಹೋದರೆ ಏನು ಗತಿ ಎಂದು ಆಚಾರ್ಯರ ಕಣ್ಣು ತುಂಬಿತು.

ನಾದಿನಿ ಹತ್ತಿರ ಬಂದು ಪಿಸುಗುಟ್ಟಿದಳು. "ಭಾವ, ಅಕ್ಕ ನಿಮ್ಮನ್ನ ಒಲೆ ಹತ್ರ ಬಿಟ್ಟಿದ್ದು ಯಾವತ್ತು?"

ಆಚಾರ್ಯರು ಮರದ ತುದಿಯತ್ತ ತಿರುಗಿ ಕೈಮುಗಿದರು. "ಆಯ್ತು ಮಾರಾಯ್ತಿ, ನಿನ್ನ ಬಾಣಲೆ ಮುಟ್ಟೋದಿಲ್ಲ, ಅಡುಗೆಮನೆಗೆ ಕಾಲೇ ಇಡೋದಿಲ್ಲ."

ಮಾತು ಮುಗಿಯುವ ಮೊದಲೇ ಕಾಗೆ ಎರಗಿ ಪಿಂಡಕ್ಕೆ ಬಾಯಿ ಹಾಕಿತು. ಆಚಾರ್ಯರು ಕಣ್ಣೊರೆಸಿಕೊಂಡು, "ಶ್ರೀಹರೀ, ಇನ್ನಾದರೂ ಅವಳ ಆತ್ಮಕ್ಕೆ ಶಾಂತಿ ಕೊಡಪ್ಪಾ," ಎಂದರು.