ಇನ್ನಾಸಪ್ಪನ ಪಾಪ

ಮೆಕ್ಯಾನಿಕ್ ಇನ್ನಾಸಪ್ಪ ತೀರಿಕೊಂಡು ತಿಂಗಳಾಗಿತ್ತು. ಆ ಭಾನುವಾರದ ಪೂಜೆಯಲ್ಲಿ, ಪಟ್ಟಣದಿಂದ ಸ್ಕೂಟರಿನಲ್ಲಿ ಬರುವ ಫಾದರ್ ಅವನನ್ನು ನೆನೆದು, "ಒಂದು ವಾರವೂ ಚರ್ಚಿಗೆ ತಪ್ಪಿಸಿಕೊಂಡವನಲ್ಲ, ಒಂದು ಸುಳ್ಳೂ ಹೇಳಿದವನಲ್ಲ" ಎಂದರು. ಮಗಳು ಜಸಿಂತ ಕೂತಲ್ಲೇ ಬೆವೆತಳು. ಪೂಜೆ ಮುಗಿದದ್ದೇ ತಡ, ಸ್ಕೂಟರಿನ ಹತ್ತಿರ ಅವರನ್ನು ಹಿಡಿದಳು.

"ಫಾದರ್, ಸತ್ತವರ ಪಾಪ ಮಕ್ಕಳು ಒಪ್ಕೋಬಹುದಾ?"

"ಇನ್ನಾಸಪ್ಪ ಏನಮ್ಮಾ ಪಾಪ ಮಾಡ್ದ?"

"ಹನ್ನೆರಡು ವರ್ಷ ಪೂಜೆ ಮುಗಿದ ಮೇಲೆ ನಿಮ್ಮ ಗಾಡಿ ಸ್ಟಾರ್ಟ್ ಆಗ್ತಿರಲಿಲ್ವಲ್ಲ, ಅದು ಕೆಟ್ಟಿರ್ಲಿಲ್ಲ. ಅಪ್ಪನೇ ಚರ್ಚೊಳಗೆ ಬರೋ ಮುಂಚೆ ಪ್ಲಗ್ ವೈರ್ ಕಿತ್ತಿಡ್ತಿದ್ರು. 'ಫಾದರ್ ಒಬ್ರೇ ಬ್ರೆಡ್ ತಿಂದ್ಕೊಂಡಿರ್ತಾರೆ, ಊಟಕ್ಕೆ ಕರೆದ್ರೆ ಬರಲ್ಲ' ಅಂತ. ಗಾಡೀನ ಮನೆಗೆ ತಳ್ಕೊಂಡು ಬಂದ್ರೆ, ರಿಪೇರಿ ಮುಗಿಯೋಷ್ಟರಲ್ಲಿ ಅಮ್ಮ ನಿಮಗೆ ಅಕ್ಕಿರೊಟ್ಟಿ, ಕೋಳಿಸಾರು ಬಡಿಸಿರೋಳು."

ಫಾದರ್ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗೊತ್ತಿತ್ತಮ್ಮಾ. ಮೊದಲನೇ ತಿಂಗಳೇ ನೋಡಿದ್ದೆ."

"ನೋಡಿಯೂ ಸುಮ್ನಿದ್ರಾ?"

"ಎಲ್ಲಿ ಸುಮ್ನಿದ್ದೆ? ಅವನು ಮರೆತ ವಾರ ನಾನೇ ಕಿತ್ತಿಡ್ತಿದ್ದೆ. ಇವತ್ತೂ ಕಿತ್ತಿದ್ದೀನಿ. ತಳ್ಳು, ಹೊಟ್ಟೆ ಹಸೀತಿದೆ."